ಓಟಿಟಿಗೆ ಕೊಟ್ಟಿದ್ದೀರಿ, ತೋರಿಸುತ್ತಾರೆ ಅಂತ ಎಲ್ಲಿ ಬರೆದಿದೆ?

ನಿರ್ಮಾಪಕರು ಓಟಿಟಿ ಅಗ್ರಿಮೆಂಟ್ ಹಿಡಿದು ನನ್ನ ಆಫೀಸಿಗೆ ಬಂದಾಗ ಒಂದೇ ಸಾಲಿಗೆ ಪೆನ್ಸಿಲ್ ಗೀಟು ಎಳೆದಿರುತ್ತಾರೆ. ಹಣ ಎಷ್ಟು, ಕಂತು ಯಾವಾಗ. ಬಡ್ಡಿಗೆ ದುಡ್ಡು ತಂದು ಸಿನಿಮಾ ಮಾಡಿದವರು ಮೊದಲು ಅದನ್ನೇ ನೋಡುತ್ತಾರೆ, ಅದು ತಪ್ಪಲ್ಲ. ಆದರೆ ಒಳಗಿನ ಪುಟದಲ್ಲಿ ಎಕ್ಸ್‌ಕ್ಲೂಸಿವ್ ಅಂತ ಒಂದು ಷರತ್ತು ಇರುತ್ತದಲ್ಲ, ಅದನ್ನು ಯಾರೂ ಪೂರ್ತಿ ಓದುವುದಿಲ್ಲ. "ಅವರಲ್ಲಿ ಮಾತ್ರ ಬರುತ್ತೆ ಸಾರ್, ಒಳ್ಳೇದೇ ಅಲ್ವಾ" ಅನ್ನುತ್ತಾರೆ.

ಬರುತ್ತೆ ಅಂತ ಎಲ್ಲಿ ಬರೆದಿದೆ? ಆ ಷರತ್ತಿನ ಪ್ರಕಾರ ನೀವು ಬೇರೆ ಯಾರಿಗೂ ಕೊಡುವಂತಿಲ್ಲ, ಯೂಟ್ಯೂಬಿಗೂ ಹಾಕುವಂತಿಲ್ಲ. ಅಷ್ಟೇ. ಅವರು ತೋರಿಸಲೇಬೇಕು ಅಂತ ಅದರಲ್ಲಿ ಇಲ್ಲ. ತೋರಿಸುವುದು, ಮುಂದೂಡುವುದು, ಮಧ್ಯದಲ್ಲಿ ತೆಗೆಯುವುದು ಎಲ್ಲಾ ಅವರಿಷ್ಟ ಅಂತ ಬೇರೆ ಕಡೆ ಬರೆದಿರುತ್ತದೆ. ದಯವಿಟ್ಟು ಎರಡನ್ನೂ ಒಟ್ಟಿಗೆ ಇಟ್ಟು ಓದಿ.

ಕಾನೂನು ಸ್ವಲ್ಪ ನಿಮ್ಮ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆಸಿಕೊಂಡವರು 1 ವರ್ಷದೊಳಗೆ ಅದನ್ನು ಬಳಸದಿದ್ದರೆ ಆ ಹಕ್ಕು ಬಿದ್ದುಹೋಗುತ್ತದೆ. ಅವಧಿ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ. ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಇದನ್ನು ಹೇಳಿದ ಕೂಡಲೇ ನಿರ್ಮಾಪಕರ ಮುಖ ಅರಳುತ್ತದೆ. ಆದರೆ ಆ 1 ವರ್ಷದ ಮಾತಿನ ಜೊತೆಗೇ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ ಅನ್ನುವ ಮಾತೂ ಇದೆ, ಅದು ಆ ಕಡೆಯ ವಕೀಲರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಬಳಸದಿದ್ದರೂ ಹಕ್ಕು ಹೋಗುವುದಿಲ್ಲ, ಶಾಶ್ವತವಾಗಿ, ಇಡೀ ಜಗತ್ತಿಗೆ ಅಂತ ಮೊದಲೇ ಸೇರಿಸಿಬಿಡುತ್ತಾರೆ.

ಹಾಸನದ ಕಡೆಯ ಹುಡುಗನೊಬ್ಬ ಹೀಗೇ ಸಿಕ್ಕಿಬಿದ್ದ. ಒಳ್ಳೆಯ ಸಿನಿಮಾ ಮಾಡಿದ್ದ, ನಾನು ನೋಡಿದ್ದೇನೆ. ಸಣ್ಣ ಅಡ್ವಾನ್ಸ್ ತಗೊಂಡು ಮಧ್ಯವರ್ತಿಯೊಬ್ಬರಿಗೆ ಎಲ್ಲಾ ಹಕ್ಕೂ ಬರೆದುಕೊಟ್ಟಿದ್ದ. ಅವರ ಕೈಲಿ ಯಾವ ಆ್ಯಪಿಗೂ ಮಾರಲು ಆಗಲಿಲ್ಲ. ಆಮೇಲೆ ಬೇರೆಯವರು ತಾವಾಗಿ ಕೇಳಿಕೊಂಡು ಬಂದರೆ ಕೊಡೋಕೆ ಇವನ ಹತ್ತಿರ ಏನೂ ಉಳಿದಿರಲಿಲ್ಲ. ಅವರಮ್ಮ ಊರಲ್ಲೆಲ್ಲ, ಫೋನಲ್ಲೇ ಬರುತ್ತೆ ಅಂತ ಹೇಳಿಕೊಂಡು ಬಂದಿದ್ದರು. ಆ ಹುಡುಗನನ್ನು ನೆನೆದರೆ ನನಗೆ ಈಗಲೂ ಸಂಕಟ.

2020ರಲ್ಲಿ 'ಲಾ', 'ಫ್ರೆಂಚ್ ಬಿರಿಯಾನಿ' ಥಿಯೇಟರ್ ಕಾಣದೆ ನೇರವಾಗಿ ಪ್ರೈಮ್ ವಿಡಿಯೋಗೆ ಬಂದಾಗ ಎಲ್ಲರಿಗೂ ಆಸೆ ಹುಟ್ಟಿತು. ಆದರೆ ಕನ್ನಡಕ್ಕೆ ಆ ಬಾಗಿಲು ಅಷ್ಟು ಅಗಲ ಇಲ್ಲ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಯೇ 'ಏಕಂ' ಸರಣಿಗೆ ಓಟಿಟಿ ಸಿಗದೆ 2024ರಲ್ಲಿ ಸ್ವಂತ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಗಮನಿಸಿ, ಹಕ್ಕು ಅವರ ಕೈಯಲ್ಲೇ ಇತ್ತು. ಅದಕ್ಕೇ ಅದು ಸಾಧ್ಯವಾಯಿತು.

ಪ್ರತಿ ಅಗ್ರಿಮೆಂಟೂ ಬೇರೆ. ಈ ಅಂಕಣವನ್ನಷ್ಟೇ ನಂಬಿಕೊಂಡು ಸಹಿ ಹಾಕಬೇಡಿ. ಆದರೆ ಇಂಥ ತಾರೀಖಿನೊಳಗೆ ತೋರಿಸಬೇಕು, ಇಲ್ಲವಾದರೆ ಹಕ್ಕು ತಾನಾಗಿ ವಾಪಸ್ ಬರಬೇಕು ಅಂತ ಒಂದು ಸಾಲು ಕೇಳಿ. ದೊಡ್ಡ ಕಂಪನಿ ಒಪ್ಪದೇ ಇರಬಹುದು, ಆಗ ಡಬ್ಬಿಂಗ್ ಮತ್ತು ಟಿವಿ ಹಕ್ಕನ್ನಾದರೂ ಹೊರಗಿಡಲು ನೋಡಿ. ಮಧ್ಯವರ್ತಿಯಾದರೆ ಈ ಸಾಲು ಬರೆಯುವವರೆಗೂ ಮಾಸ್ಟರ್ ಕಾಪಿ ಕೊಡಲೇಬೇಡಿ.