ಎದ್ದ ತಕ್ಷಣ ಹಾಸಿಗೆ ಸರಿಮಾಡಬೇಕಾ?

"ದಿನಾ ಬೆಳಿಗ್ಗೆ ಎದ್ದ ತಕ್ಷಣ ಹಾಸಿಗೆ ನೀಟಾಗಿ ಸರಿಮಾಡಿ ಮೇಲೊಂದು ದಪ್ಪ ಹೊದಿಕೆ ಹಾಸಿಡ್ತೀನಿ. ಆದ್ರೂ ಮಳೆಗಾಲದಲ್ಲಿ ರಾತ್ರಿ ಹಾಸಿಗೆ ತಣ್ಣಗೆ ಅಂಟ್ಕೊಳ್ಳುತ್ತೆ, ಮುಗ್ಗಲು ವಾಸನೆ ಬೇರೆ. ಮಗನಿಗೆ ಬೆಳಿಗ್ಗೆ ಸೀನು ನಿಲ್ಲಲ್ಲ. ಎಲ್ಲಿ ತಪ್ಪಾಗ್ತಿದೆ?"

ಮೂಡಿಗೆರೆ ಕಡೆಯ ಓದುಗರ ಪ್ರಶ್ನೆ. ಸಕಲೇಶಪುರದವರೂ ಇದನ್ನೇ ಕೇಳುತ್ತಾರೆ. ಕಡೂರು, ಅರಸೀಕೆರೆಯವರು ಕೇಳುವುದು ಕಡಿಮೆ, ಅವರಿಗೆ ಹಾಸಿಗೆ ಹೊರಗೆ ಹಾಕೋಕೆ ಬಿಸಿಲು ಸಿಗುತ್ತದಲ್ವಾ!

ತಪ್ಪು ಆ 'ತಕ್ಷಣ'ದಲ್ಲಿದೆ. ಬೆವರದಿದ್ದರೂ ನಮ್ಮ ಚರ್ಮ ಮತ್ತು ಉಸಿರಿನಿಂದ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ನೀರು ಗೊತ್ತಾಗದ ಹಾಗೆ ಹೊರಗೆ ಹೋಗುತ್ತದೆ. ರಾತ್ರಿಯ ಪಾಲಿನಲ್ಲಿ ಒಂದಿಷ್ಟು ಹಾಸಿಗೆಗೇ ಸೇರುತ್ತದೆ. ಎದ್ದವರೇ ಅದರ ಮೇಲೆ ದಪ್ಪ ಹೊದಿಕೆ ಎಳೆದರೆ ಬಿಸಿ ಅನ್ನದ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಹೊದಿಕೆಯನ್ನು ಕಾಲಿನ ಕಡೆಗೆ ಮಡಚಿ, ಫ್ಯಾನ್ ಹಾಕಿ, ತಿಂಡಿ ಮುಗಿಸಿ ಬಂದು ಸರಿಮಾಡಿ. ಹೊರಗೆ ಜಡಿಮಳೆ ಇದ್ದರೆ ಕಿಟಕಿ ತೆಗೆಯಬೇಡಿ, ಥಂಡಿ ಒಳಗೆ ಬರುತ್ತದೆ ಅಷ್ಟೇ.

ಸೀನಿಗೆ ದೂಳುಹುಳ ಕಾರಣ ಇರಬಹುದು. ಅರ್ಧ ಮಿಲಿಮೀಟರ್ ಕೂಡ ಇಲ್ಲದ ಪ್ರಾಣಿ, ನಮ್ಮ ಮೈಯಿಂದ ಉದುರುವ ಹೊಟ್ಟು ತಿನ್ನುತ್ತದೆ, ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ತೇವಾಂಶ ಶೇ 50ಕ್ಕಿಂತ ಕೆಳಗೇ ಇದ್ದರೆ ಒಣಗಿ ಸಾಯುತ್ತದೆ. ಆದರೆ ಆರಿದ್ರಾ ಮಳೆ ಹಿಡಿದ ಮೇಲೆ ಮಲೆನಾಡಲ್ಲಿ ಅದಕ್ಕೆ ಹಬ್ಬವೇ. ತೊಂದರೆ ಕೊಡುವುದು ಮುಖ್ಯವಾಗಿ ಅದರ ಹಿಕ್ಕೆ. ಬೆಡ್‌ಶೀಟ್, ದಿಂಬಿನ ಕವರನ್ನು ವಾರಕ್ಕೊಮ್ಮೆ ಸುಮಾರು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಅಂದರೆ ಹಂಡೆಯ ನೀರು ಕೈ ಇಡೋಕಾಗದಷ್ಟು ಕಾದಿರಬೇಕು, ಕೋಲಲ್ಲೇ ಅದ್ದಿ ತೆಗೆಯಿರಿ. ಒಣಗಿದ ಮೇಲೂ ಒಂದು ಸಲ ಇಸ್ತ್ರಿ ಆಡಿಸಿ.

ಇನ್ನು ಹಾಸಿಗೆಯ ತಳ. ಒಂದು ಪುಷ್ಯ ಮಳೆಯಲ್ಲಿ ವಾಸನೆ ತಡೀಲಾರದೆ ನಮ್ಮ ಹಾಸಿಗೆ ಎತ್ತಿ ನೋಡಿದರೆ, ಮಂಚದ ಪ್ಲೈವುಡ್ ಮೇಲೆ ನಾನು ಮಲಗುವ ಜಾಗದಲ್ಲಿ ಮಾತ್ರ, ಸರಿಯಾಗಿ ಬೆನ್ನಿನ ಅಗಲಕ್ಕೆ, ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಬೂಸ್ಟು! ಒರೆಸಿ ಒಣಗಿಸಿ, ಡ್ರಿಲ್ ತಗೊಂಡು ಗೇಣಿಗೊಂದು ತೂತು ಹೊಡೆದೆ, ಮಂಚವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದೆ. ಆಮೇಲೆ ಬಂದಿಲ್ಲ. ನೆಲದ ಮೇಲೆ ಮಲಗುವವರು ಕೆಳಗೆ ಚಾಪೆ ಹಾಕಿ, ಹಗಲು ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ.

ಹಾಸುವಾಗ ಕಾಲಿನ ಕಡೆಯಿಂದ ಶುರು ಮಾಡಿ. ಶೀಟಿನ ತುದಿಯನ್ನು ಹಾಸಿಗೆ ಕೆಳಗೆ ತುರುಕಿ, ಮೂಲೆಯಿಂದ ಒಂದು ಮೊಳ ಬಿಟ್ಟು ಪಕ್ಕದ ಅಂಚನ್ನು ಎತ್ತಿ ಹಾಸಿಗೆ ಮೇಲಿಡಿ, ತ್ರಿಕೋನ ಆಗುತ್ತದೆ. ಕೆಳಗೆ ನೇತಾಡುವ ತುಂಡನ್ನು ಮೊದಲು ಒಳಗೆ ಸೇರಿಸಿ, ಆಮೇಲೆ ತ್ರಿಕೋನ ಇಳಿಸಿ ಅದನ್ನೂ ತುರುಕಿ. ಎಷ್ಟು ಹೊರಳಿದರೂ ಶೀಟು ಮುದ್ದೆಯಾಗಲ್ಲ.

ಹೊದಿಯೋಕೆ ಮಳೆಗಾಲದಲ್ಲಿ ನನ್ನ ಓಟು ಕಂಬಳಿಗೇ. ಉಣ್ಣೆ ತನ್ನ ತೂಕದ ಶೇ 30ರಷ್ಟು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ. ಚುಚ್ಚುತ್ತದೆ ಅಂದರೆ ಒಳಗೊಂದು ಹತ್ತಿ ಪಂಚೆ. ಪೆಟ್ಟಿಗೆಯಿಂದ ತೆಗೆದ ಕಂಬಳಿಗೆ ನುಸಿಗುಳಿಗೆ ವಾಸನೆ ಇದ್ದರೆ ಚೆನ್ನಾಗಿ ಗಾಳಿಗೆ ಹಾಕದೆ ಹೊದಿಯಬೇಡಿ, ಎಳೆಮಕ್ಕಳಿಗಂತೂ ಬೇಡವೇ ಬೇಡ.

ಹಾಸಿಗೆಯನ್ನು ಬಿಸಿಲಿಗೆ ಹಾಕುವ ಕೆಲಸ ಮಾರ್ಚ್‌ಗೆ, ಕಾಫಿ ಎತ್ತಿ ಕಣ ಖಾಲಿಯಾದ ಮೇಲೆ. ಆ ಬಿಸಿಲಲ್ಲೂ ಮಗನ ಸೀನು ನಿಲ್ಲದಿದ್ದರೆ ಹಾಸಿಗೆಯನ್ನು ಬೈಯೋದು ಬಿಟ್ಟು ಡಾಕ್ಟರಿಗೆ ತೋರಿಸಿ.