‘ಅರ್ಥ ಆಯ್ತಾ?’ ಅಂತ ಕೇಳಿದರೆ ಸಾಲದು

1980ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ 18 ವರ್ಷದ ಹುಡುಗನೊಬ್ಬನನ್ನು ಪ್ರಜ್ಞೆ ಇಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಮನೆಯವರ ಭಾಷೆ ಕ್ಯೂಬಾದ ಸ್ಪ್ಯಾನಿಷ್. ಅವರು ‘ಇಂಟಾಕ್ಸಿಕಾಡೊ’ ಅಂದರು. ತಿಂದದ್ದೋ ಕುಡಿದದ್ದೋ ಮೈಗೆ ಒಗ್ಗದೆ ಹುಷಾರು ತಪ್ಪಿದೆ ಅಂತ ಅವರ ಮಾತಿನ ಅರ್ಥ. ಡಾಕ್ಟರಿಗೆ ಅದು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ ಅಂತ ಕೇಳಿಸಿತು. ಹುಡುಗ ಡ್ರಗ್ಸ್ ಜಾಸ್ತಿ ತಗೊಂಡಿದ್ದಾನೆ ಅಂದುಕೊಂಡು ಅದಕ್ಕೇ ಚಿಕಿತ್ಸೆ ಶುರು ಮಾಡಿದರು. ಆದರೆ ಅವನ ಮೆದುಳಿನಲ್ಲಿ ರಕ್ತಸ್ರಾವ ಆಗುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ಎರಡು ದಿನ ಕಳೆದಿತ್ತು, ಹುಡುಗನ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದ್ದವು.

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡುವ ಸಂಗತಿ ಬೇರೆ. ಅಲ್ಲಿ ಯಾರೂ ದುಭಾಷಿಯನ್ನು ಕರೆಸಲಿಲ್ಲ. ಬೇಕು ಅಂತ ಯಾರಿಗೂ ಅನ್ನಿಸಲೇ ಇಲ್ಲ. ಮನೆಯವರು ನಾವು ಹೇಳಿದ್ದೇವೆ ಅಂದುಕೊಂಡರು, ಡಾಕ್ಟರು ನಾನು ಕೇಳಿಸಿಕೊಂಡೆ ಅಂದುಕೊಂಡರು. ಒಂದು ಪದವೂ ತಿಳಿಯದಿದ್ದರೆ ಯಾರಾದರೂ ಸಹಾಯ ಹುಡುಕುತ್ತಾರೆ. ಅರ್ಧಂಬರ್ಧ ತಿಳಿದಾಗ ಹುಡುಕುವುದಿಲ್ಲ.

ಹಾಗಾದರೆ ಎರಡೂ ಭಾಷೆ ಬರುವವರು ಯಾರಾದರೂ ಜೊತೆಗಿದ್ದರೆ ಸಾಕಲ್ವಾ? ಸಾಲದು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನಡುವೆ ಒಬ್ಬರು ಅನುವಾದ ಮಾಡಿಕೊಟ್ಟ, ಮಕ್ಕಳ ಚಿಕಿತ್ಸೆಯ 13 ಭೇಟಿಗಳನ್ನು ರೆಕಾರ್ಡ್ ಮಾಡಿ, ಒಂದೊಂದು ಮಾತನ್ನೂ ತಾಳೆ ನೋಡಿದರು. ಒಂದು ಭೇಟಿಗೆ ಸರಾಸರಿ 31 ಅನುವಾದದ ತಪ್ಪುಗಳು ಸಿಕ್ಕವು. ಔಷಧಿಯ ಅಲರ್ಜಿ ಇದೆಯಾ ಅನ್ನುವ ಪ್ರಶ್ನೆಯನ್ನೇ ಒಬ್ಬರು ಬಿಟ್ಟಿದ್ದರು. ಮುಖದ ದದ್ದಿಗೆ ಮಾತ್ರ ಹಚ್ಚಬೇಕಾದ ಕ್ರೀಮನ್ನು ಮೈಗೆಲ್ಲ ಹಚ್ಚಿ ಅಂತ ಇನ್ನೊಬ್ಬರು ಹೇಳಿದ್ದರು. ಕಿವಿ ಸೋಂಕಿಗೆ ಬಾಯಿಂದ ಕುಡಿಸುವ ಅಮಾಕ್ಸಿಸಿಲಿನ್ ಅನ್ನು ಎರಡೂ ಕಿವಿಗೆ ಹಾಕಿ ಅಂತ ಒಬ್ಬ ತಾಯಿಗೆ ಹೇಳಲಾಗಿತ್ತು! ತರಬೇತಿ ಪಡೆದ ದುಭಾಷಿಗಳೂ ತಪ್ಪಿದ್ದರು, ಆದರೆ ಚಿಕಿತ್ಸೆಗೆ ಪೆಟ್ಟು ಕೊಡಬಲ್ಲ ತಪ್ಪುಗಳು ತರಬೇತಿ ಇಲ್ಲದವರಲ್ಲೇ ಜಾಸ್ತಿ ಇದ್ದವು. ಹಾಗೆ ಅನುವಾದ ಮಾಡಿದವರಲ್ಲಿ ರೋಗಿಯ ಒಡಹುಟ್ಟಿದ 11 ವರ್ಷದ ಮಗುವೂ ಒಂದು.

ಅಂಥ ಮಗುವಿನ ಜಾಗದಲ್ಲಿ ನಿಂತು ನೋಡಿ. ಅಮ್ಮನನ್ನು ಗರ್ಭಕೋಶದ ಗಡ್ಡೆ ಬಗ್ಗೆ, ಮುಟ್ಟಿನ ಬಗ್ಗೆ ಮಗನೇ ಕೇಳಬೇಕು, ಅಮ್ಮ ಅವನಿಗೇ ಉತ್ತರ ಹೇಳಬೇಕು. ಹೇಳುತ್ತಾಳಾ? ಕ್ಯಾನ್ಸರ್ ಅಂತ ಡಾಕ್ಟರು ಹೇಳಿದಾಗ ಮಗಳು ಅದನ್ನು ‘ಸಣ್ಣ ಗಂಟು, ಏನೂ ಆಗಲ್ಲ’ ಅಂತ ಮಾಡಿಬಿಡುವುದು ಪ್ರೀತಿಯಿಂದಲೇ. ಮಕ್ಕಳ ಮೇಲೆ ಈ ಭಾರ ಹಾಕಲೇಬಾರದು, ತುರ್ತು ಹೊತ್ತನ್ನು ಬಿಟ್ಟು.

ಇನ್ನು ಮೊಬೈಲ್ ಅನುವಾದ. 2014ರಲ್ಲಿ ಸಂಶೋಧಕರು 10 ವೈದ್ಯಕೀಯ ವಾಕ್ಯಗಳನ್ನು ಗೂಗಲ್‌ಗೆ ಕೊಟ್ಟು 26 ಭಾಷೆಗಳಿಗೆ ಅನುವಾದ ಮಾಡಿಸಿದಾಗ, ಸರಿ ಬಂದದ್ದು ಶೇ. 57.7 ಮಾತ್ರ. ‘ನಿಮ್ಮ ಮಗುವಿಗೆ ಫಿಟ್ಸ್ ಬಂದಿದೆ’ ಅನ್ನುವುದು ಸ್ವಾಹಿಲಿಯಲ್ಲಿ ‘ನಿಮ್ಮ ಮಗು ಸತ್ತಿದೆ’ ಅಂತಾಗಿತ್ತು. ಆಮೇಲೆ ಈ ತಂತ್ರಜ್ಞಾನ ತುಂಬಾ ಸುಧಾರಿಸಿದೆ, ನಿಜ. ಆದರೂ ಎಲ್ಲ ಭಾಷೆಗೂ ಒಂದೇ ಸಮ ಸುಧಾರಿಸಿಲ್ಲ, ಮತ್ತು ತಪ್ಪಾದಾಗ ತಪ್ಪಾಗಿದೆ ಅಂತ ಮೊಬೈಲ್ ಹೇಳುವುದಿಲ್ಲ.

ಪದಗಳೆಲ್ಲ ಸರಿಯಾಗಿ ದಾಟಿದರೂ ಒಮ್ಮೊಮ್ಮೆ ಕಾಯಿಲೆ ದಾಟುವುದಿಲ್ಲ. ಜಿಂಬಾಬ್ವೆಯ ಶೋನಾ ಭಾಷೆಯಲ್ಲಿ ‘ಕುಫುಂಗಿಸಿಸಾ’ ಅಂದರೆ ಅತಿಯಾಗಿ ಯೋಚಿಸುವುದು. ನಿಮಗೆ ಖಿನ್ನತೆ ಇದೆಯಾ ಅಂತ ಕೇಳಿದರೆ ಇಲ್ಲ ಅನ್ನುವವರೂ ಕುಫುಂಗಿಸಿಸಾ ಇದೆ ಅಂತ ತಾವಾಗಿಯೇ ಹೇಳಿಕೊಳ್ಳಬಹುದು. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡಾ ಅದೇ ಪದವನ್ನು ಹಿಡಿದುಕೊಂಡರು. ಊರಿನ ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಕೂರಿಸಿ, ಬಂದವರ ಕಷ್ಟ ಕೇಳುವಂತೆ ಮಾಡಿದರು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಆ ಬೆಂಚಿನಲ್ಲಿ ಕೂತು ಮಾತಾಡಿದವರೇ ಚೆನ್ನಾಗಿ ಚೇತರಿಸಿಕೊಂಡಿದ್ದರು.

1978ರಲ್ಲಿ ಅಮೆರಿಕದ ಮನೋವೈದ್ಯ ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು ವೈದ್ಯರಿಗೆ ಕೆಲವು ಪ್ರಶ್ನೆಗಳನ್ನು ಸೂಚಿಸಿದ್ದರು. ಈ ತೊಂದರೆ ಯಾಕೆ ಬಂತು ಅಂತ ನಿಮಗೆ ಅನ್ನಿಸುತ್ತೆ? ಈಗಲೇ ಯಾಕೆ ಶುರುವಾಯಿತು? ಇದರಲ್ಲಿ ನಿಮಗೆ ಜಾಸ್ತಿ ಭಯ ಯಾವುದರದ್ದು? ಕೇಳಲು ಐದು ನಿಮಿಷವೂ ಬೇಡ. ಮಾತ್ರೆ ಬರೆದುಕೊಟ್ಟರೂ ರೋಗಿ ಯಾಕೆ ನುಂಗುತ್ತಿಲ್ಲ ಅನ್ನುವುದು ಹೆಚ್ಚಾಗಿ ಈ ಉತ್ತರಗಳಲ್ಲೇ ಇರುತ್ತದೆ.

‘ಅರ್ಥ ಆಯ್ತಾ?’ ಅಂತ ಡಾಕ್ಟರು ಕೇಳಿದಾಗ ಇಲ್ಲ ಅನ್ನಲು ಎಷ್ಟು ಜನಕ್ಕೆ ಧೈರ್ಯ ಇರುತ್ತೆ? ಗೌರವಕ್ಕೋ ಸಂಕೋಚಕ್ಕೋ ತಲೆ ಆಡಿಸುತ್ತೇವೆ. ಅದಕ್ಕೇ ಈಗ, ಹೇಳಿದ್ದನ್ನು ರೋಗಿಯ ಬಾಯಿಂದಲೇ ಮತ್ತೆ ಹೇಳಿಸುವ ಅಥವಾ ಮಾಡಿ ತೋರಿಸಲು ಹೇಳುವ ಪದ್ಧತಿ ಬಂದಿದೆ. ಅದು ರೋಗಿಗೆ ಪರೀಕ್ಷೆಯಲ್ಲ, ನಾನು ಸರಿಯಾಗಿ ಹೇಳಿದೆನಾ ಅಂತ ಡಾಕ್ಟರು ತಮ್ಮನ್ನೇ ನೋಡಿಕೊಳ್ಳುವ ದಾರಿ. ಮಗುವಿನ ಜ್ವರದ ಸಿರಪ್ಪನ್ನು 5 ಎಂಎಲ್ ಕೊಡಿ ಅಂತ ಹೇಳಿದ್ದಾರೆ ಅಂದುಕೊಳ್ಳಿ. ತಾಯಿ ತಲೆ ಆಡಿಸಿದ್ದಾಳೆ. ಎಷ್ಟು ಅಂತ ಒಮ್ಮೆ ತೋರಿಸಿಯಮ್ಮಾ ಅಂದಾಗ, ಅವಳು ಸಿರಿಂಜ್ ಅನ್ನು 10ರ ಗೆರೆವರೆಗೆ ಎಳೆಯುತ್ತಾಳೆ. ಡಾಕ್ಟರು ಪೆನ್ನು ತೆಗೆದು 5ರ ಗೆರೆಯ ಮೇಲೆ ದಪ್ಪಗೆ ಗುರುತು ಹಾಕುತ್ತಾರೆ. ಆಮೇಲೆ ಸಿರಿಂಜ್ ಮತ್ತೆ ಅವಳ ಕೈಗೇ ಕೊಡುತ್ತಾರೆ.