ಟುಸನ್‌ಫೂಖ್ಸಲ್: ಡಚ್ ಹೆಸರುಗಳ ನಡುವಿನ ತುಣುಕು

2023ರ ವಿಶ್ವಕಪ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಭಾರತದ ಎದುರು ಆಡಿದ ನೆದರ್ಲೆಂಡ್ಸ್ ತಂಡ ನೆನಪಿದೆಯಾ? ಬಾಸ್ ಡೆ ಲೀಡ, ಲೋಗನ್ ವಾನ್ ಬೀಕ್, ಪಾಲ್ ವಾನ್ ಮೀಕೆರನ್, ರೂಲೋಫ್ ವಾನ್ ಡರ್ ಮರ್ವ. ಈ ಡೆ, ವಾನ್, ವಾನ್ ಡರ್ ಇವೆಯಲ್ಲ, ಇವನ್ನೇ ಡಚ್ಚರು ಟುಸನ್‌ಫೂಖ್ಸಲ್ ಅನ್ನೋದು. ಹೆಸರಿಗೂ ಅಡ್ಡಹೆಸರಿನ (ಮನೆತನದ ಹೆಸರಿನ) ಮುಖ್ಯ ಭಾಗಕ್ಕೂ ನಡುವೆ ಕೂರುವ ಸಣ್ಣ ಪದ. ಟೆನ್, ಟರ್ ಕೂಡ ಇದೇ ಗುಂಪಿನವು.

ಇದನ್ನು ಯಾಕೆ ಬೇರೆ ಮಾಡಬೇಕು? ನೆದರ್ಲೆಂಡ್ಸ್‌ನಲ್ಲಿ ಹೆಸರಿನ ಪಟ್ಟಿ ಜೋಡಿಸುವಾಗ ಈ ತುಣುಕನ್ನು ಲೆಕ್ಕಕ್ಕೆ ತಗೊಳ್ಳಲ್ಲ. ವಾನ್ ಗೋಗ್‌ನನ್ನು 'ಜಿ' ಅಕ್ಷರದಲ್ಲಿ ಹುಡುಕಬೇಕು, 'ವಿ'ಯಲ್ಲಲ್ಲ. ಅದಕ್ಕೇ ಅಲ್ಲಿನ ಫಾರಂಗಳಲ್ಲಿ ಇದಕ್ಕೆ ಪ್ರತ್ಯೇಕ ಕಾಲಂ ಇರುತ್ತದೆ.

ಎಕ್ಸೆಲ್ ಮ್ಯಾಕ್ರೋದಲ್ಲಿ (ಎಕ್ಸೆಲ್ ಒಳಗೇ ಓಡುವ ಸಣ್ಣ ಪ್ರೋಗ್ರಾಂ) ಇದನ್ನು ಬಿಡಿಸೋದು ಮೇಲ್ನೋಟಕ್ಕೆ ಸುಲಭ. ತುಣುಕುಗಳ ಪಟ್ಟಿ ಇಟ್ಟುಕೊಂಡು, ಅಡ್ಡಹೆಸರಿನ ಶುರುವಿನಲ್ಲಿ ಯಾವುದಿದೆ ಅಂತ ಲೂಪ್‌ನಲ್ಲಿ ಒಂದೊಂದಾಗಿ ನೋಡಿ, ಪದದ ಶುರುವಿನ ಭಾಗ ಕೊಡುವ 'ಲೆಫ್ಟ್' ಮತ್ತು ನಡುವಿನಿಂದ ಮುಂದಿನ ಭಾಗ ಕೊಡುವ 'ಮಿಡ್' ಬಳಸಿ ಎರಡು ಕಾಲಂಗೆ ಹಾಕೋದು, ಅಷ್ಟೇ. ಆದರೆ ಪಟ್ಟಿಯಲ್ಲಿ ಉದ್ದದ್ದು ಮೊದಲು ಬರಬೇಕು. 'ವಾನ್' ಮೊದಲು ಸಿಕ್ಕಿಬಿಟ್ಟರೆ 'ಡರ್ ಮರ್ವ' ಅನ್ನೋದು ಅಡ್ಡಹೆಸರಾಗಿ ಉಳಿಯುತ್ತದೆ. ಪ್ರತಿ ತುಣುಕಿನ ಕೊನೆಗೆ ಒಂದು ಸ್ಪೇಸ್ ಸೇರಿಸಿಯೇ ಹೋಲಿಸಿ, ಇಲ್ಲದಿದ್ದರೆ ಡೆಕ್ಕರ್ ಅನ್ನೋ ಪೂರ್ತಿ ಹೆಸರಿನ 'ಡೆ'ಯನ್ನೂ ಕೋಡ್ ಕತ್ತರಿಸಿ ಹಾಕುತ್ತದೆ. ಇನ್ನು ಅಕ್ಷರದ ಗಾತ್ರ: ಅದಕ್ಕೂ ಮೊದಲು ಹೆಸರಿದ್ದರೆ 'ವಾನ್' ಸಣ್ಣ ಅಕ್ಷರದಲ್ಲಿ, ಅಡ್ಡಹೆಸರೊಂದೇ ಬರೆದರೆ ದೊಡ್ಡ ಅಕ್ಷರದಲ್ಲಿ ಶುರುವಾಗುತ್ತದೆ. ಹಾಗಾಗಿ ಹೋಲಿಸುವಾಗ ಹೆಸರಿಗೂ ತುಣುಕಿಗೂ, ಎರಡೂ ಕಡೆ, ಎಲ್ಲವನ್ನೂ ಸಣ್ಣ ಅಕ್ಷರ ಮಾಡುವ 'ಎಲ್‌ಕೇಸ್' ಹಾಕಿ.

ಜಾಸ್ತಿ ಕಾಡೋದು 'ಟಿ' ಅಕ್ಷರಕ್ಕೂ ಮೊದಲು ಅಪಾಸ್ಟ್ರಫಿ (') ಇರುವ ತುಣುಕು. ಸೆಲ್‌ನ ಮೊದಲಿಗೇ ಅಪಾಸ್ಟ್ರಫಿ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು 'ಇದು ಟೆಕ್ಸ್ಟ್' ಅನ್ನೋ ಗುರುತು ಅಂದುಕೊಂಡು ಬಚ್ಚಿಡುತ್ತದೆ, ನಿಮ್ಮ ಕೋಡ್‌ಗೆ ಬರೀ 'ಟಿ' ಕಾಣುತ್ತದೆ. ಪಟ್ಟಿಯಲ್ಲಿ ಎರಡೂ ರೂಪ ಇರಲಿ. ವಾಪಸ್ ಸೆಲ್‌ಗೆ ಬರೆಯುವಾಗ ಎರಡು ಅಪಾಸ್ಟ್ರಫಿ ಹಾಕಿ, ಆಗ ಒಂದು ಉಳಿಯುತ್ತದೆ. ವರ್ಡ್‌ನಿಂದ ಕಾಪಿ ಮಾಡಿದ ಹೆಸರುಗಳಲ್ಲಿ ಬಾಗಿದ ಅಪಾಸ್ಟ್ರಫಿ ಇರಬಹುದು, ಅದನ್ನು ಮೊದಲೇ 'ರಿಪ್ಲೇಸ್' ಮಾಡಿ.

ಮ್ಯಾಕ್ರೋ ಓಡಿಸುವ ಮುಂಚೆ ದೇಶದ ಕಾಲಂ ನೋಡಲೇಬೇಕು. ಪಕ್ಕದ ಬೆಲ್ಜಿಯಂನಲ್ಲೂ ಡಚ್ ಮಾತಾಡುತ್ತಾರೆ, ಹೆಸರುಗಳೂ ಅಂಥವೇ, ಆದರೆ ಅಲ್ಲಿ 'ವಾನ್' ಅಡ್ಡಹೆಸರಿನದೇ ಭಾಗ. ಪಟ್ಟಿಯಲ್ಲೂ 'ವಿ' ಕೆಳಗೇ ಬರುತ್ತದೆ. ಬೆಲ್ಜಿಯಂನವರ ಹೆಸರನ್ನು ದಯವಿಟ್ಟು ಒಡೆಯಬೇಡಿ. ಉಳಿದವರದ್ದನ್ನು ಒಡೆದರೂ ಮೂಲ ಕಾಲಂ ಅಳಿಸದೆ ಹಾಗೇ ಇಟ್ಟುಕೊಳ್ಳಿ.